ಮರಾಠಿ ಆರು ತಿಂಗಳಲ್ಲಿ ಬಂತು, ಇಂಗ್ಲಿಷ್ ಯಾಕೆ ಇನ್ನೂ ತೊಡರುತ್ತೆ?

ಹೋದ ವಾರದ ಮಾತಿನ ಬರಹ ರೂಪ ಇದು. ಹಿಂಜವಡಿ ಟ್ರಾಫಿಕ್‌ನಲ್ಲಿ ಕಂಪನಿ ಬಸ್ಸಲ್ಲಿ ಕೂತು ಓದೋರಿಗೆ ಅಂತಲೇ ಬರೆದು ಹಾಕ್ತಾ ಇದೀನಿ. ಒಂದೇ ಕೋರಿಕೆ: ಉದಾಹರಣೆಗಳನ್ನ ಕಣ್ಣಲ್ಲಿ ಓದಿ ಬಿಡಬೇಡಿ, ಬಾಯಿಬಿಟ್ಟು ಒಂದು ಸಲ ಹೇಳಿಕೊಳ್ಳಿ. ಪಕ್ಕದವರು ಏನಾದರೂ ಅಂದುಕೊಳ್ಳಲಿ.

ಒಂದು ಘಟನೆಯಿಂದ ಶುರು ಮಾಡ್ತೀನಿ. ನಾನು ಪುಣೆಗೆ ಬಂದ ಹೊಸದರಲ್ಲಿ ನಡೆದದ್ದು. ರಾತ್ರಿ ಒಂಬತ್ತರ ಕಾಲ್. ಆ ಕಡೆಯಿಂದ ಕ್ಲೈಂಟ್ ಕೇಳಿದರು: "ಯು ಹ್ಯಾವಂಟ್ ರೀಸ್ಟಾರ್ಟೆಡ್ ದ ಸರ್ವರ್ ಯೆಟ್?" ಸರ್ವರ್ ಇನ್ನೂ ರೀಸ್ಟಾರ್ಟ್ ಮಾಡಿಲ್ವಾ ಅಂತ. ನಾನು ಮಾಡಿರಲಿಲ್ಲ. ನಿಜ ಹೇಳಬೇಕು ಅಂತಲೇ "ಯೆಸ್" ಅಂದೆ. ಅವರು "ಗ್ರೇಟ್" ಅಂದು ಕಾಲ್ ಮುಗಿಸಿದರು. ಅವರ ತಂಡ ಹೊಸ ಸೆಟ್ಟಿಂಗ್ ಬಂದಿದೆ ಅಂದುಕೊಂಡು ಟೆಸ್ಟಿಂಗ್ ಶುರು ಮಾಡಿತು. ಮೂರು ಗಂಟೆ ಹಳೇ ಸೆಟ್ಟಿಂಗ್ ಮೇಲೇ ಟೆಸ್ಟ್ ನಡೀತು. ಮರುದಿನ ಎಲ್ಲರೆದುರು ಒಂದೇ ಮಾತು: "ಯು ಸೆಡ್ ಯೆಸ್." ನಾನು ಸುಳ್ಳು ಹೇಳಿದೆ ಅಂತ ಆಯ್ತು.

ನಾನು ಸುಳ್ಳು ಹೇಳಿರಲಿಲ್ಲ. ಕನ್ನಡದಲ್ಲಿ "ಇನ್ನೂ ಮಾಡಿಲ್ವಾ?" ಅಂದರೆ "ಹೌದು, ಮಾಡಿಲ್ಲ" ಅಂತ ತಾನೇ ಹೇಳೋದು? ನಾನು ಅದರ ಮೊದಲ ಅರ್ಧ ಮಾತ್ರ ಇಂಗ್ಲಿಷ್‌ನಲ್ಲಿ ಹೇಳಿದ್ದೆ. ಅವತ್ತು ನನ್ನನ್ನ ಸಿಕ್ಕಿಸಿದ್ದು ಪದದ ಕೊರತೆ ಅಲ್ಲ, ಉಚ್ಚಾರಣೆಯೂ ಅಲ್ಲ. "ಯೆಸ್" ಅನ್ನೋ ಪದ ಒಂದನೇ ಕ್ಲಾಸಿಂದ ಗೊತ್ತಿತ್ತು.

ಭಾಜಿ ಮಾರ್ಕೆಟ್ಟಲ್ಲಿ ಹುಲಿ, ಮೀಟಿಂಗಲ್ಲಿ ಇಲಿ

ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರ್ಗಿ ಕಡೆಯಿಂದ ಇಲ್ಲಿಗೆ ಬಂದವರನ್ನ ಕೇಳಿ ನೋಡಿ. ಆರು ತಿಂಗಳು, ಹೆಚ್ಚಂದ್ರೆ ಒಂದು ವರ್ಷ. ವಾಕಡ್‌ನಲ್ಲಿ ಭಾಜಿ ಮಾರೋ ಮಾವಶಿ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡ್ತಾರೆ, ರಿಕ್ಷಾದವರ ಜೊತೆ ಜಗಳ ಕೂಡ ಆಡ್ತಾರೆ. ಯಾರೂ ಕ್ಲಾಸಿಗೆ ಹೋಗಲಿಲ್ಲ. ಅದೇ ಮನುಷ್ಯ ಹತ್ತು ಹನ್ನೆರಡು ವರ್ಷ ಶಾಲೆಯಲ್ಲಿ, ನಾಲ್ಕು ವರ್ಷ ಇಂಜಿನಿಯರಿಂಗ್‌ನಲ್ಲಿ ಇಂಗ್ಲಿಷ್ ಓದಿದವನು. ಬೆಳಗಿನ ಸ್ಟ್ಯಾಂಡಪ್‌ನಲ್ಲಿ ಮೂರು ವಾಕ್ಯ ಹೇಳೋಕೆ ಬೆವರ್ತಾನೆ. ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ ಒಂದು ಸಾಲು: "ಕಮ್ಯುನಿಕೇಶನ್ ಸುಧಾರಿಸಬೇಕು." ಕೆಲಸ ಮಾಡಿದವನು ಒಬ್ಬ, ಅದನ್ನ ಚೆನ್ನಾಗಿ ಹೇಳಿ ಪ್ರಮೋಷನ್ ತಗೊಂಡವನು ಇನ್ನೊಬ್ಬ.

ಇದು ದಡ್ಡತನ ಅಂತ ನಮ್ಮಲ್ಲಿ ತುಂಬ ಜನ ಒಳಗೊಳಗೇ ನಂಬಿಕೊಂಡಿದ್ದಾರೆ. ಅಲ್ಲ. ಇದಕ್ಕೆ ಭಾಷೆಯಲ್ಲೇ ಕಾರಣ ಇದೆ. ಆ ಕಾರಣ ನೋಡೋಕೆ ಪುಣೆಯಿಂದ ತುಂಬ ದೂರ ಹೋಗಬೇಕಾಗಿಲ್ಲ.

ಬೆಳಗಾವಿ ಕಡೆ ರೈಲಲ್ಲಿ ಹೋಗುವಾಗ ಸಾಂಗ್ಲಿ, ಮಿರಜ್ ಬರುತ್ತಲ್ಲ, ಆ ಸಾಂಗ್ಲಿ ಜಿಲ್ಲೆಯ ಕುಪ್ವಾರ ಅನ್ನೋ ಊರು ಭಾಷಾಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅನ್ನೋ ಇಬ್ಬರು ವಿದ್ವಾಂಸರು ಆ ಊರಿನ ಬಗ್ಗೆ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಲ್ಲಿ ಜೈನರ ಮನೆಮಾತು ಕನ್ನಡ, ಮುಸ್ಲಿಮರದ್ದು ಉರ್ದು, ಇನ್ನು ಕೆಲವರದ್ದು ಮರಾಠಿ. ಶತಮಾನಗಟ್ಟಲೆ ಒಂದೇ ಊರಲ್ಲಿ ಬಾಳಿ ಈ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತು ಅಂದ್ರೆ, ಒಂದು ಭಾಷೆಯ ವಾಕ್ಯ ತಗೊಂಡು ಪದಕ್ಕೆ ಪದ ಬದಲಾಯಿಸಿದರೆ ಇನ್ನೊಂದು ಭಾಷೆಯ ವಾಕ್ಯ ಸಿದ್ಧ. ಪದ ಬೇರೆ, ಚೌಕಟ್ಟು ಒಂದೇ.

ಕುಪ್ವಾರದಷ್ಟು ಅಲ್ಲದಿದ್ದರೂ ಕನ್ನಡ, ಮರಾಠಿ, ಹಿಂದಿ ನಡುವೆ ಎಲ್ಲ ಕಡೆ ಈ ಹೋಲಿಕೆ ಇದೆ. ನೋಡಿ:

ನಾನು ಬಸ್ಸಲ್ಲಿ ಪುಣೆಗೆ ಬಂದೆ.
ಮೀ ಬಸ್‌ನೇ ಪುಣ್ಯಾಲಾ ಆಲೋ.
ಮೈಂ ಬಸ್ ಸೇ ಪುಣೆ ಆಯಾ.
ಐ ಕೇಮ್ ಟು ಪುಣೆ ಬೈ ಬಸ್.

ಮೊದಲ ಮೂರನ್ನ ಒಂದರ ಕೆಳಗೆ ಒಂದು ಇಟ್ಟರೆ ಪದಗಳು ಸಾಲಾಗಿ ಕೂತುಬಿಡುತ್ತವೆ. ನಾಲ್ಕನೆಯದು ತಲೆಕೆಳಗು. "ಬಂದೆ" ಕೊನೆಯಿಂದ ಎದ್ದು ಎರಡನೇ ಜಾಗಕ್ಕೆ ಹೋಗಿದೆ. ಪುಣೆ"ಗೆ" ಅಂತ ಹಿಂದೆ ಅಂಟುತ್ತಿದ್ದದ್ದು "ಟು" ಆಗಿ ಮುಂದೆ ಬಂದಿದೆ.

ಹಾಗಾಗಿ ಮರಾಠಿ ಕಲಿಯುವಾಗ ನಾವು ಮಾಡಿದ್ದು ಪದ ಬದಲಾಯಿಸೋ ಕೆಲಸ. ಅದೇ ಉಪಾಯವನ್ನ ಇಂಗ್ಲಿಷ್ ಮೇಲೂ ಮಾಡ್ತೀವಿ, ಅಲ್ಲಿ ಅದು ಕೈ ಕೊಡುತ್ತೆ. ಇಂಗ್ಲಿಷ್‌ಗೆ ಬೇಕಾಗಿರೋದು ಚೌಕಟ್ಟನ್ನೇ ಬದಲಾಯಿಸೋದು. ಇವತ್ತಿನ ಮಾತೆಲ್ಲ ಇಷ್ಟೇ. ಉಳಿದದ್ದು ಚೌಕಟ್ಟು ಎಲ್ಲೆಲ್ಲಿ ಬೇರೆ ಅನ್ನೋ ಲೆಕ್ಕ.

ವಿಭಕ್ತಿ ಮಾಡೋ ಕೆಲಸ ಅಲ್ಲಿ ಜಾಗ ಮಾಡುತ್ತೆ

"ಕ್ಲೈಂಟ್ ಲೀಡನ್ನ ಕರೆದರು." "ಲೀಡನ್ನ ಕ್ಲೈಂಟ್ ಕರೆದರು." ಎರಡರ ಅರ್ಥ ಒಂದೇ. ಯಾಕೆ? "ಅನ್ನ" ಅನ್ನೋ ವಿಭಕ್ತಿ ಪ್ರತ್ಯಯ ಲೀಡ್‌ಗೆ ಅಂಟಿಕೊಂಡಿದೆ. ಆ ಪದ ಎಲ್ಲಿ ಹೋಗಿ ಕೂತರೂ ಕರೆಸಿಕೊಂಡವರು ಯಾರು ಅಂತ ಗೊತ್ತಾಗುತ್ತೆ.

ಈಗ ಇಂಗ್ಲಿಷ್. "ದ ಕ್ಲೈಂಟ್ ಕಾಲ್ಡ್ ದ ಲೀಡ್." ತಿರುಗಿಸಿ: "ದ ಲೀಡ್ ಕಾಲ್ಡ್ ದ ಕ್ಲೈಂಟ್." ಅರ್ಥ ಪೂರ್ತಿ ಉಲ್ಟಾ. ಒಂದು ಪದವೂ ಬದಲಾಗಿಲ್ಲ, ಜಾಗ ಮಾತ್ರ ಬದಲಾಗಿದೆ.

ಕನ್ನಡ ಜನರಲ್ ಬೋಗಿ ಇದ್ದ ಹಾಗೆ, ಟಿಕೆಟ್ ಕೈಯಲ್ಲಿದ್ದರೆ ಎಲ್ಲಿ ಬೇಕಾದರೂ ಕೂರಬಹುದು. ಇಂಗ್ಲಿಷ್ ರಿಸರ್ವೇಶನ್ ಬೋಗಿ. ಮೊದಲ ಸೀಟು ಯಾರು, ಎರಡನೇ ಸೀಟು ಏನು ಮಾಡಿದರು, ಮೂರನೇ ಸೀಟು ಯಾವುದನ್ನ ಅಥವಾ ಯಾರನ್ನ. ಆಮೇಲೆ ಎಲ್ಲಿ, ಆಮೇಲೆ ಯಾವಾಗ. "ಐ ಫಿಕ್ಸ್‌ಡ್ ದ ಬಗ್ ಇನ್ ದ ಪೇಮೆಂಟ್ ಪೇಜ್ ಯೆಸ್ಟರ್‌ಡೇ." ಯಾರು, ಮಾಡಿದ್ದು, ಏನನ್ನ, ಎಲ್ಲಿ, ಯಾವಾಗ. ಯಾವಾಗ ಅನ್ನೋದೊಂದು ಬೇಕಾದರೆ ಎಲ್ಲಕ್ಕಿಂತ ಮುಂದೆ ಬರಬಹುದು.

ಮೀಟಿಂಗ್‌ನಲ್ಲಿ ನಾವು ತಡವರಿಸೋ ಜಾಗ ಇದೇ. ಕನ್ನಡದಲ್ಲಿ ಯೋಚನೆ ಮಾಡುವಾಗ ಕ್ರಿಯಾಪದ ಕೊನೆಗೆ ಬರುತ್ತೆ. ಅಲ್ಲಿವರೆಗೆ ಎಲ್ಲಿ, ಯಾವಾಗ, ಯಾವುದು ಅಂತ ಎಲ್ಲ ಕೂಡಿಸಿಕೊಂಡು ಹೋಗ್ತೀವಿ. ಇಂಗ್ಲಿಷ್‌ನಲ್ಲಿ "ಐ" ಅಂದ ಕೂಡಲೇ ಕ್ರಿಯಾಪದ ಬೇಕು. ಅದು ತಲೆಯ ಸಾಲಿನಲ್ಲಿ ಕೊನೆಗೆ ನಿಂತಿರುತ್ತೆ. ಆ ಎರಡು ಸೆಕೆಂಡಿನ "ಆ... ಆಕ್ಚುಯಲಿ..." ಅಲ್ಲೇ ಹುಟ್ಟೋದು. ಉಪಾಯ: ಬಾಯಿ ತೆರೆಯೋ ಮೊದಲು ಒಂದೇ ಒಂದು ಪದ ಆರಿಸಿಕೊಳ್ಳಿ, ಕ್ರಿಯಾಪದ. ಫಿಕ್ಸ್‌ಡ್, ಟೆಸ್ಟೆಡ್, ನೀಡ್. ಅದು ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತೆ.

ಬಿಟ್ಟರೂ ನಡೆಯೋ ಪದಗಳು, ಬಿಟ್ಟರೆ ನಡೆಯದ ಪದಗಳು

ಕನ್ನಡದಲ್ಲಿ "ಬಂದೆ" ಅಂದರೆ ಸಾಕು, ಅದರೊಳಗೇ "ನಾನು" ಇದೆ. "ಮುಗೀತು" ಅಂದರೆ "ಅದು" ಒಳಗೇ ಇದೆ. ಇಂಗ್ಲಿಷ್ ಕ್ರಿಯಾಪದ ಇಷ್ಟು ಹೇಳಲ್ಲ. "ಕೇಮ್" ಅಂದರೆ ಯಾರು ಬೇಕಾದರೂ ಆಗಬಹುದು. ಅದಕ್ಕೇ ಮೊದಲ ಸೀಟು ಖಾಲಿ ಬಿಡೋ ಹಾಗಿಲ್ಲ. ಕೂರಿಸೋಕೆ ಯಾರೂ ಸಿಗದಿದ್ದರೆ "ಇಟ್" ಅನ್ನೋದನ್ನ ಕೂರಿಸ್ತಾರೆ. ಮಳೆ ಬರ್ತಾ ಇದೆ: "ಇಟ್ ಈಸ್ ರೇನಿಂಗ್." ಲೇಟಾಯ್ತು: "ಇಟ್ ಈಸ್ ಲೇಟ್." ಆ "ಇಟ್"ಗೆ ಅರ್ಥ ಹುಡುಕಬೇಡಿ, ಅದು ಸೀಟು ಹಿಡಿಯೋಕೆ ಹಾಕಿದ ಟವೆಲ್ಲು.

ಎರಡನೇ ಸೀಟೂ ಹಾಗೇ. "ಇವರು ನಮ್ಮ ಲೀಡ್." ಈ ವಾಕ್ಯದಲ್ಲಿ ಕ್ರಿಯಾಪದ ಎಲ್ಲಿದೆ? ಇಲ್ಲ. ಕನ್ನಡಕ್ಕೆ ಬೇಡ. ಇಂಗ್ಲಿಷ್‌ಗೆ ಬೇಕೇ ಬೇಕು: "ಶಿ ಈಸ್ ಅವರ್ ಲೀಡ್." ಸ್ವಾರಸ್ಯ ಏನಂದ್ರೆ, ಮರಾಠಿಗೂ ಇಂಥ ಕಡೆ "ಆಹೇ" ಬೇಕು. ಮರಾಠಿ ಜೊತೆ ಬಾಳಿದ ಕುಪ್ವಾರದ ಕನ್ನಡ ಇಂಥ ವಾಕ್ಯದ ಕೊನೆಗೂ ಒಂದು ಕ್ರಿಯಾಪದ ಹಚ್ಚಿಕೊಂಡಿತ್ತು ಅಂತ ಆ ಲೇಖನದಲ್ಲಿ ಇದೆ. ಒಂದು ಊರಿನ ಕನ್ನಡಕ್ಕೇ ಚೌಕಟ್ಟು ಬದಲಾಯಿಸೋಕೆ ಆಯ್ತು ಅಂದ್ರೆ ನಮ್ಮ ನಾಲಿಗೆಗೂ ಆಗುತ್ತೆ.

"ನನಗೆ" ಅಂತ ಶುರುವಾಗೋ ವಾಕ್ಯಗಳು

ನನಗೆ ಗೊತ್ತು. ನನಗೆ ಬೇಕು. ನನಗೆ ಜ್ವರ ಬಂದಿದೆ. ನನಗೆ ಅರ್ಥ ಆಗ್ತಾ ಇಲ್ಲ. ಮರಾಠಿಯಲ್ಲಿ ಇವೆಲ್ಲ "ಮಲಾ", ಹಿಂದಿಯಲ್ಲಿ "ಮುಝೇ". ನಮ್ಮ ಕಡೆ ಭಾಷೆಗಳಲ್ಲಿ ಹಸಿವು, ಜ್ವರ, ತಿಳಿವಳಿಕೆ ಎಲ್ಲ ಹೊರಗಿನಿಂದ ನಮಗೆ ಬರುತ್ತವೆ. ಇಂಗ್ಲಿಷ್‌ನಲ್ಲಿ ಮನುಷ್ಯನೇ ಮೊದಲ ಸೀಟಲ್ಲಿ ಕೂರ್ತಾನೆ. "ಐ ನೋ." "ಐ ನೀಡ್ ಆಕ್ಸೆಸ್." "ಐ ಹ್ಯಾವ್ ಎ ಫೀವರ್." "ಐ ಆಮ್ ಹಂಗ್ರಿ." "ಟು ಮಿ" ಅಂತ ಯಾವತ್ತೂ ಶುರು ಮಾಡಬೇಡಿ.

"ಅರ್ಥ ಆಗ್ತಾ ಇಲ್ಲ" ಅನ್ನೋದರಿಂದಲೇ ನಮ್ಮ "ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್" ಬಂದಿದೆ. "ಗ್ತಾ ಇಲ್ಲ" ಅನ್ನೋದನ್ನ "ಇಂಗ್" ಅಂತ ಮಾಡಿದೆವು. ಇಂಗ್ಲಿಷ್‌ನಲ್ಲಿ ತಿಳಿಯೋದು, ಬೇಕಾಗೋದು, ನಂಬೋದು, ಇರೋದು, ಇವು ನಡೀತಾ ಇರೋ ಕೆಲಸಗಳಲ್ಲ, ಸ್ಥಿತಿಗಳು. ಅದಕ್ಕೆ "ಐ ಡೋಂಟ್ ಅಂಡರ್‌ಸ್ಟ್ಯಾಂಡ್", "ಐ ಹ್ಯಾವ್ ಟೂ ಲ್ಯಾಪ್‌ಟಾಪ್ಸ್". "ಐ ಆಮ್ ಹ್ಯಾವಿಂಗ್ ಲಂಚ್" ಸರಿ, ಯಾಕಂದ್ರೆ ಊಟ ನಡೀತಾ ಇದೆ. ಲ್ಯಾಪ್‌ಟಾಪ್ ಸುಮ್ಮನೆ ಇದೆ.

ಪ್ರಶ್ನೆ ಕೇಳೋದು

ಕನ್ನಡದಲ್ಲಿ ಪ್ರಶ್ನೆ ಮಾಡೋಕೆ ಕೊನೆಗೆ ಒಂದು "ಆ" ಸಾಕು. ಹೋದೆ, ಹೋದೆಯಾ? ಇಂಗ್ಲಿಷ್‌ನಲ್ಲಿ ಸಹಾಯಕ್ಕೆ ಒಂದು ಪದ ತಂದು ಎಲ್ಲಕ್ಕಿಂತ ಮುಂದೆ ನಿಲ್ಲಿಸಬೇಕು: "ಡಿಡ್ ಯು ಗೋ?" ನಾವು "ಡಿಡ್ ಯು ವೆಂಟ್" ಅಂತೀವಿ. "ಹೋದೆಯಾ" ಅನ್ನೋ ನಮ್ಮ ಕ್ರಿಯಾಪದದ ಒಳಗೇ ಭೂತಕಾಲ ಇದೆ, ಅದನ್ನ ಬಿಟ್ಟುಕೊಡೋಕೆ ಮನಸ್ಸು ಬರಲ್ಲ. ನಿಯಮ ಸಣ್ಣದು: ಕಾಲದ ಗುರುತು ಒಂದೇ ಸಲ. "ಡಿಡ್" ಹೊತ್ತುಕೊಂಡರೆ ಇನ್ನೊಂದು ಪದದ ಮೇಲೆ ಹೊರಿಸಬೇಡಿ. "ಐ ಡಿಡಂಟ್ ಗೆಟ್ ದ ಮೇಲ್."

ಇನ್ನೊಂದು, ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಹೋದಾಗ. "ಸ್ಟೇಟಸ್ ಏನು ಅಂತ ಹೇಳಿ." ನಮ್ಮಲ್ಲಿ ಪ್ರಶ್ನೆ ಇದ್ದ ಹಾಗೇ ಇರುತ್ತೆ, "ಅಂತ" ಅಂಟಿಸಿದರೆ ಮುಗೀತು. ಅದಕ್ಕೇ "ಟೆಲ್ ಮಿ ವಾಟ್ ಈಸ್ ದ ಸ್ಟೇಟಸ್" ಅಂತೀವಿ. ಇಂಗ್ಲಿಷ್‌ನಲ್ಲಿ ಒಳಗೆ ಹೋದ ಪ್ರಶ್ನೆ ಮತ್ತೆ ಮಾಮೂಲಿ ಸಾಲಿಗೆ ಬರಬೇಕು: "ಟೆಲ್ ಮಿ ವಾಟ್ ದ ಸ್ಟೇಟಸ್ ಈಸ್."

ದಿನದ ನಾಲ್ಕು ಪದ

ಮೊದಲನೆಯದು "ಹೇಳು". ನಮ್ಮಲ್ಲಿ ಒಂದು, ಅಲ್ಲಿ ಎರಡು. "ಟೆಲ್" ಅಂದ ಮೇಲೆ ಯಾರಿಗೆ ಅನ್ನೋದು ಬೇಕು: "ಹಿ ಟೋಲ್ಡ್ ಮಿ." "ಸೇ"ಗೆ ಬೇಡ: "ಹಿ ಸೆಡ್ ದ ಬಿಲ್ಡ್ ಈಸ್ ರೆಡಿ." "ಹಿ ಟೋಲ್ಡ್ ದಟ್" ಅಂತ ನಿಲ್ಲಿಸಿದರೆ ಒಂದು ಸೀಟು ಖಾಲಿ.

ಎರಡನೆಯದು "ಇಂದ". ಎರಡು ವರ್ಷದಿಂದ, 2022ರಿಂದ. ನಮಗೆ, ಮರಾಠಿಗೆ, ಹಿಂದಿಗೆ ಎರಡಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷ್‌ನಲ್ಲಿ ಎಷ್ಟು ಕಾಲ ಅನ್ನೋದಕ್ಕೆ "ಫಾರ್", ಯಾವಾಗ ಶುರು ಅನ್ನೋದಕ್ಕೆ "ಸಿನ್ಸ್". ಜೊತೆಗೆ ಕ್ರಿಯಾಪದವೂ ಬದಲಾಗುತ್ತೆ: "ಐ ಹ್ಯಾವ್ ಬೀನ್ ಇನ್ ಪುಣೆ ಫಾರ್ ಟೂ ಇಯರ್ಸ್." "ಐ ಹ್ಯಾವ್ ಬೀನ್ ಇನ್ ಪುಣೆ ಸಿನ್ಸ್ 2022." ಇಂಟರ್‌ವ್ಯೂದಲ್ಲಿ ನಾವು ಹೇಳೋ ಮೊದಲ ವಾಕ್ಯವೇ ಇದು. ಇದೊಂದನ್ನ ಬಾಯಿಪಾಠ ಮಾಡಿದರೂ ತಪ್ಪಿಲ್ಲ.

ಮೂರನೆಯದು ಗಡುವು. "ಐ ವಿಲ್ ಫಿನಿಶ್ ಟಿಲ್ ಫ್ರೈಡೇ" ಅಂತ ಪುಣೆಯ ಆಫೀಸುಗಳಲ್ಲಿ ದಿನಾ ಕೇಳ್ತೀವಿ. ಹಿಂದಿಯ "ಶುಕ್ರವಾರ್ ತಕ್", ಮರಾಠಿಯ "ಶುಕ್ರವಾರಪರ್ಯಂತ" ಎರಡೂ ಅರ್ಥಕ್ಕೆ ಬರುತ್ತೆ, ಅದರ ನೆರಳು ಇದು. ಇಲ್ಲಿ ಮಾತ್ರ ಕನ್ನಡ ನಮ್ಮನ್ನ ಕಾಪಾಡುತ್ತೆ. "ಶುಕ್ರವಾರದೊಳಗೆ" ಅಂದರೆ "ಬೈ ಫ್ರೈಡೇ". "ಶುಕ್ರವಾರದ ತನಕ" ಅಂದರೆ "ಟಿಲ್ ಫ್ರೈಡೇ". ಒಳಗೆ ಮುಗಿಸೋದು, ತನಕ ನಡೆಸೋದು. "ಐ ವಿಲ್ ಫಿನಿಶ್ ಇಟ್ ಬೈ ಫ್ರೈಡೇ. ಐ ಆಮ್ ಆನ್ ಲೀವ್ ಟಿಲ್ ಫ್ರೈಡೇ."

ನಾಲ್ಕನೆಯದು "ಡೌಟ್". ಶಾಲೆಯಿಂದ ನಮಗೆ ಡೌಟ್ ಅಂದರೆ ಪ್ರಶ್ನೆ. ಹೊರದೇಶದ ಕ್ಲೈಂಟ್‌ಗೆ ಡೌಟ್ ಅಂದರೆ ಅನುಮಾನ. ಅವರು ಡಿಸೈನ್ ವಿವರಿಸಿದ ಮೇಲೆ "ಐ ಹ್ಯಾವ್ ಎ ಡೌಟ್" ಅಂದರೆ, ನಿಮ್ಮ ಮಾತು ನನಗೆ ನಂಬಿಕೆ ಇಲ್ಲ ಅನ್ನೋ ಹಾಗೆ ಕೇಳಬಹುದು. "ಐ ಹ್ಯಾವ್ ಎ ಕ್ವೆಶ್ಚನ್" ಅನ್ನಿ. ನಮ್ಮ ನಮ್ಮಲ್ಲಿ ಡೌಟ್ ಇರಲಿ ಬಿಡಿ.

ಮತ್ತೆ ಆ "ಯೆಸ್"

ಈಗ ನನ್ನ ಸರ್ವರ್ ಕಥೆಗೆ ಬರ್ತೀನಿ. ಕನ್ನಡದ "ಹೌದು" ಕೇಳಿದವರ ಮಾತನ್ನ ಒಪ್ಪುತ್ತೆ. ನೀವು ಹೇಳಿದ್ದು ನಿಜ, ನಾನು ಮಾಡಿಲ್ಲ. ಹಿಂದಿಯ "ಹಾಂ", ಮರಾಠಿಯ "ಹೋ" ಕೂಡ ಹಾಗೇ. ಇಂಗ್ಲಿಷ್‌ನ ಯೆಸ್, ನೋ ಕೇಳಿದವರ ಕಡೆ ನೋಡೋದೇ ಇಲ್ಲ, ಕೆಲಸದ ಕಡೆ ನೋಡುತ್ತವೆ. ಕೆಲಸ ಆಗಿದ್ದರೆ ಯೆಸ್, ಆಗಿರದಿದ್ದರೆ ನೋ. ಪ್ರಶ್ನೆ "ಮಾಡಿದೆಯಾ" ಅಂತ ಇರಲಿ, "ಮಾಡಿಲ್ವಾ" ಅಂತ ಇರಲಿ.

ಇದನ್ನ ಕಾಲ್ ಮಧ್ಯೆ ಲೆಕ್ಕ ಹಾಕೋಕೆ ಕೂತರೆ ತಲೆ ತಿರುಗುತ್ತೆ. ನಾನು ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ: ಕೆಲಸದ ವಿಷಯದಲ್ಲಿ ಬರೀ ಯೆಸ್, ಬರೀ ನೋ ಹೇಳೋದೇ ಇಲ್ಲ. ಹಿಂದೆಯೇ ಒಂದು ಪುಟ್ಟ ವಾಕ್ಯ. "ನೋ, ಐ ಹ್ಯಾವಂಟ್. ಐ ವಿಲ್ ಡೂ ಇಟ್ ಬೈ ಟೆನ್." ಅಥವಾ ಸುಮ್ಮನೆ "ನಾಟ್ ಯೆಟ್." ಯೆಸ್ ತಪ್ಪಿದರೂ ವಾಕ್ಯ ಕಾಪಾಡುತ್ತೆ. "ಡೂ ಯು ಮೈಂಡ್ ಇಫ್ ಐ ಶೇರ್ ಮೈ ಸ್ಕ್ರೀನ್?" ಅಂತ ಕೇಳಿದರೂ ಇದೇ ಬಲೆ. ನಿಮಗೆ ಅಭ್ಯಂತರ ಇದೆಯಾ ಅಂತ ಕೇಳ್ತಾ ಇದಾರೆ. "ನೋ, ಗೋ ಅಹೆಡ್" ಅನ್ನಿ.

ಯಾವುದನ್ನ ಮೊದಲು ತಿದ್ದಿಕೊಳ್ಳೋದು?

ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. "ಎ", "ದ" ಬಿಟ್ಟರೆ ಯಾರಿಗೂ ನಷ್ಟ ಇಲ್ಲ, ಕೇಳೋದಕ್ಕೆ ಸ್ವಲ್ಪ ಬೇರೆ ಅನ್ನಿಸುತ್ತೆ ಅಷ್ಟೇ. "ಪ್ರೀಪೋನ್" ನಮ್ಮ ದೇಶದ ಪದ, ನಮ್ಮವರಿಗೆಲ್ಲ ಅರ್ಥ ಆಗುತ್ತೆ. ನಮ್ಮ ಉಚ್ಚಾರಣೆ ನಮ್ಮ ಊರಿನ ಗುರುತು, ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಅರ್ಥವನ್ನೇ ತಿರುಗಿಸೋ ತಪ್ಪುಗಳು ಬೇರೆ: ಯೆಸ್ ಮತ್ತು ನೋ, ಬೈ ಮತ್ತು ಟಿಲ್, ಯಾರು ಯಾರನ್ನ ಅನ್ನೋ ಸೀಟು, ಡೌಟ್. ಮೊದಲು ಈ ನಾಲ್ಕು. "ಎ", "ದ" ಕೊನೆಗೆ ನೋಡಿಕೊಳ್ಳೋಣ.

ಪುಣೆ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರದ ಪಿಎಚ್‌ಡಿ ಮಾಡಿದ ಡಿ. ಎನ್. ಶಂಕರ ಭಟ್ಟರು "ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ" ಅಂತ ಪುಸ್ತಕವನ್ನೇ ಬರೆದರು. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನ ಎರೆಯಬಾರದು ಅನ್ನೋದು ಅವರ ವಾದ. ನಮಗೂ ಅದರಲ್ಲಿ ಪಾಠ ಇದೆ. ಕನ್ನಡದ ಅಚ್ಚಿನಲ್ಲಿ ಇಂಗ್ಲಿಷ್ ಎರೆದರೆ ಅದು ಕೈಗೆ ಬರಲ್ಲ. ಆದರೆ ನಮ್ಮ ಅಚ್ಚು ಯಾವುದು ಅಂತ ತಿಳಿದವರಿಗೆ ಇಂಗ್ಲಿಷ್ ಎಲ್ಲಿ ಬೇರೆ ಅಂತ ಬೇಗ ಕಾಣುತ್ತೆ. ಶಾಲೆಯಲ್ಲಿ ನಮಗೆ ಸಾವಿರ ನಿಯಮ ಹೇಳಿಕೊಟ್ಟರು, ಈ ಹೋಲಿಕೆಯೊಂದನ್ನ ಹೇಳಿಕೊಡಲಿಲ್ಲ.

ನಾಳೆ ಬೆಳಗಿನ ಸ್ಟ್ಯಾಂಡಪ್‌ಗೆ ಮೂರೇ ವಾಕ್ಯ. ನಿನ್ನೆ: "ಐ ಫಿನಿಶ್ಡ್ ದ ಲಾಗಿನ್ ಪೇಜ್ ಯೆಸ್ಟರ್‌ಡೇ." ಗಮನಿಸಿ, ನಿನ್ನೆ ಅಂತ ಹೇಳಿದ ಮೇಲೆ "ಹ್ಯಾವ್ ಫಿನಿಶ್ಡ್" ಬೇಡ. "ಮುಗಿಸಿದ್ದೀನಿ" ಅನ್ನೋದರಿಂದ ಬರೋ ತಪ್ಪು ಅದು. ಇವತ್ತು: "ಐ ವಿಲ್ ಟೆಸ್ಟ್ ಇಟ್ ಟುಡೇ." ಅಡ್ಡಿ: "ಐ ನೀಡ್ ಟೆಸ್ಟ್ ಡೇಟಾ ಬೈ ತ್ರೀ ಓ ಕ್ಲಾಕ್." ಯಾರು, ಮಾಡೋದು, ಏನನ್ನ, ಯಾವಾಗ. ಬಸ್ಸಿಂದ ಇಳಿಯೋ ಮೊದಲು ನಿಮ್ಮ ಕೆಲಸದ ಹೆಸರು ಹಾಕಿ ಮೂರು ಸಲ ಹೇಳಿಕೊಳ್ಳಿ.

ನಿಮ್ಮ ಬಾಯಲ್ಲಿ ತಿರುಗಿಬಿದ್ದ ವಾಕ್ಯ ಯಾವುದು, ಅದರಿಂದ ಏನಾಯ್ತು ಅಂತ ಬರೆದು ಕಳಿಸಿ. ನಗೋದಕ್ಕಲ್ಲ, ಅದರ ಹಿಂದೆ ಯಾವ ಕನ್ನಡ ವಾಕ್ಯ ಕೂತಿದೆ ಅಂತ ಮುಂದಿನ ಸಲ ಸೇರಿ ಹುಡುಕೋಣ. ಸಿಗೋಣ, ನಮಸ್ಕಾರ.